ಚೀಟಿ ಓದದ ಡಾಕ್ಟರಮ್ಮ

ಮಂಡ್ಯದ ಸ್ಕ್ಯಾನಿಂಗ್ ಕೇಂದ್ರದ ಡಾಕ್ಟರ್ ಅರುಂಧತಿ ಚೀಟಿ ಓದುವುದಿಲ್ಲ. ದೊಡ್ಡ ದೊಡ್ಡ ವೈದ್ಯರು ತಮ್ಮ ರೋಗಿಗಳನ್ನು ಸ್ಕ್ಯಾನಿಂಗಿಗೆಂದು ಕಳಿಸುವಾಗ ಕೈಗೊಂದು ಚೀಟಿ ಕೊಟ್ಟಿರುತ್ತಾರೆ. ಅದರಲ್ಲಿ ಇಂಥ ರೋಗದ ಗುಮಾನಿ, ಇಂಥ ಜಾಗದಲ್ಲಿ ಇಂಥದ್ದನ್ನು ನೋಡಿ ಎಂಬ ಅಪ್ಪಣೆ, ಕೆಳಗೆ ಯಾರಿಗೂ ಓದಲಾಗದ ಸಹಿ, ಎಲ್ಲವೂ ಇರುತ್ತವೆ. ಅರುಂಧತಿ ಮಾತ್ರ ಆ ಚೀಟಿಯನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಅದರ ಮೇಲೆ ತನ್ನ ಸ್ಟೀಲಿನ ಊಟದ ಡಬ್ಬಿಯನ್ನು ಹೇರಿ, ರೋಗಿಯ ಹೆಸರು ವಯಸ್ಸುಗಳನ್ನಷ್ಟೇ ಟೆಕ್ನಿಷಿಯನ್ ಪುನೀತನ ಬಾಯಿಂದ ಕೇಳಿಸಿಕೊಂಡು, ಮೊದಲು ಚಿತ್ರವನ್ನು ನೋಡುತ್ತಾಳೆ. ನೋಡಿ ಮುಗಿದು, ತಾನು ಕಂಡದ್ದನ್ನು ಬರೆದಿಟ್ಟ ಮೇಲೆಯೇ ಡಬ್ಬಿ ಎತ್ತುವುದು. "ಚೀಟಿ ಮೊದಲೇ ಓದ್ಬಿಟ್ರೆ ಕಣ್ಣು ಅದರ ಕೂಲಿಯಾಳಾಗುತ್ತೆ ಮೇಷ್ಟ್ರೇ" ಎಂದು ಒಮ್ಮೆ ನನಗೆ ಹೇಳಿದ್ದಳು. "ಅದು ತೋರಿಸಿದ ಕಡೆಗಷ್ಟೇ ಹೋಗುತ್ತೆ, ಪಕ್ಕಕ್ಕೆ ತಿರುಗಿ ಕೂಡ ನೋಡಲ್ಲ."

ಇಷ್ಟು ದೊಡ್ಡ ಡಾಕ್ಟರನ್ನು ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಳವಳ್ಳಿಯ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದಾಗ ಪೂರಿಗಾಲಿಯಿಂದ ಬೆಳಗಿನ ಬಸ್ಸಿಗೆ ಬಂದು ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಅವಳು. ನನ್ನ ಹಳಗನ್ನಡದ ಗಂಟೆಯಲ್ಲಿ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಿಷ್ಠೆಯಿಂದ ಆಕಳಿಸಿದವಳು. ಆಕಳಿಸಿದ ಶಿಷ್ಯರಿಗೆ ಬಹುವಚನ ಕೊಡುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಅವಳ ನಡಿಗೆಯನ್ನು ಹೇಳಬೇಕು. ಬಲಭುಜವನ್ನು ಮುಂದೆ ಮಾಡಿಕೊಂಡು, ಜನಜಂಗುಳಿಯ ಸಂತೆಯಲ್ಲಿ ದಾರಿ ಬಿಡಿಸಿಕೊಳ್ಳುವವಳಂತೆ, ಖಾಲಿ ಓಣಿಯಲ್ಲಿಯೂ ಓರೆಯಾಗಿ ನಡೆಯುತ್ತಾಳೆ. ಯಂತ್ರಕ್ಕೆ ಸೆಕೆಯಾಗಬಾರದೆಂದು ಸದಾ ತಣ್ಣಗಿಟ್ಟಿರುವ ಸಿ.ಟಿ. ಕೋಣೆಯ ದೆಸೆಯಿಂದ ಕಾಫಿಪುಡಿ ಬಣ್ಣದ, ಗಂಡಸರ ಅಳತೆಯ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ಒಂದು ಸ್ವೆಟರು ಅವಳ ಮೈಗೆ ಅಂಟಿಯೇ ಬಿಟ್ಟಿದೆ. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಮಂಡ್ಯದ ಡಾಂಬರು ಕರಗುವ ಹೊತ್ತಿನಲ್ಲಿ, ಅದನ್ನೇ ತೊಟ್ಟು ಎದುರಿನ ಅಂಗಡಿಗೆ ಟೀ ಕುಡಿಯಲು ಬರುವ ಅವಳನ್ನು ಕಂಡು ಅಪರಿಚಿತರು ಜ್ವರವಿರಬೇಕೆಂದು ಮರುಗುತ್ತಾರೆ. ಮಾತಿನಲ್ಲಿ ಗಳಿಗೆಗೊಮ್ಮೆ "ತಡೀರಿ, ತಡೀರಿ" ಎನ್ನುತ್ತಾಳೆ, ಎದುರಿಗೆ ಯಾರೂ ಅವಸರ ಮಾಡದಿದ್ದಾಗಲೂ. ಸಮಾಧಾನದಲ್ಲಿದ್ದಾಗ ಅವಳದು ಇಸ್ತ್ರಿ ಮಾಡಿದ ಮಾತು. ಏನಾದರೂ ಅಪರೂಪದ್ದು ಕಣ್ಣಿಗೆ ಬಿತ್ತೋ, ಇಸ್ತ್ರಿಯೆಲ್ಲ ಮುದುಡಿ ಪೂರಿಗಾಲಿ ಎದ್ದು ನಿಲ್ಲುತ್ತದೆ. ಪುನೀತ ಹೇಳುವಂತೆ, ಮೇಡಂ "ಹೌದು" ಎನ್ನುವ ತನಕ ಎಲ್ಲ ಮಾಮೂಲು. "ಊಂ ಕಣ್ಲಾ" ಅಂದರೆ ಏನೋ ಸಿಕ್ಕಿದೆ ಎಂದು ಅರ್ಥ.

ನೋಡುವ ಚಟ ಅವಳನ್ನು ಕೇಂದ್ರದ ಹೊರಗೂ ಬಿಡುವುದಿಲ್ಲ. ವಾರದಲ್ಲಿ ನಾಲ್ಕು ದಿನ ಮಂಡ್ಯ, ಶುಕ್ರವಾರ ಮದ್ದೂರು, ಶನಿವಾರ ಮಳವಳ್ಳಿ ಎಂದು ಅವಳ ತಿರುಗಾಟ. ಒಮ್ಮೆ ಮದ್ದೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಮುದ್ದಯ್ಯನೆಂಬ ಮುದುಕ ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನಂತೆ. ಎರಡು ಸ್ಟಾಪು ತಡೆದುಕೊಂಡಳು. ಮೂರನೆಯದಕ್ಕೆ ಆಗಲಿಲ್ಲ, ಕೇಳಿ ಈಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, "ಎರಡು ಪಕ್ಕೆಲುಬು ಹಳೇ ಮುರಿತ, ಯಾವಾಗ ಬಿದ್ರಿ ತಾತ?" ಎಂದಳು. ಮುದುಕ ಹಿಂದಿನ ಸೀಟಿನ ಕಡೆ ಕಣ್ಣು ಹೊರಳಿಸಿ ಪಿಸುಗುಟ್ಟಿದ: "ಮೆಲ್ಲುಗವ್ವ. ಎತ್ತು ತಿವ್ದಿದ್ದು. ನಮ್ಮೆಂಗುಸ್ರುಗೂ ಏಳಿಲ್ಲ."

ಈ ನೋಟದ ಕ್ರಮ ಅವಳಿಗೆ ಬಂದದ್ದು ವೈದ್ಯಕೀಯ ಗ್ರಂಥಗಳಿಂದಲ್ಲ, ಅಪ್ಪ ಮರಿಸಿದ್ದಯ್ಯನವರಿಂದ. ಅವರು ಪೂರಿಗಾಲಿಯ ನೀರುಗಂಟಿ. ಕೆರೆಯ ತೂಬು ಎತ್ತಿ, ಕಾಲುವೆಯುದ್ದಕ್ಕೂ ನಡೆದು, ಊರವರ ಗದ್ದೆಗಳಿಗೆಲ್ಲ ಸರದಿಯ ಮೇಲೆ ನೀರು ಹಾಯಿಸಿದವರು, ತಮ್ಮದೆಂಬ ಒಂದು ಪಾತಿಯೂ ಇಲ್ಲದವರು. "ಯಾರೋ ನಮ್ ಗದ್ದೆಗೆ ನೀರ್ ಬರ್ನಿಲ್ಲ ಅಂತ ಕೂಗುದ್ರೆ ಆ ಗದ್ದೆತಕೆ ಓಡ್ಬಾರ್ದು ಕಣವ್ವ" ಎಂದು ಅವರು ಮಗಳಿಗೆ ಹೇಳುತ್ತಿದ್ದರಂತೆ, "ತೂಬಿನಿಂದ ನಡ್ಕಂಡು ಬರ್ಬೇಕು. ಕೂಗಿದ್ದು ಒಂದು ಕಡೆ ಇರ್ತದೆ, ಕಟ್ಕಂಡಿರಾದು ಇನ್ನೊಂದು ಕಡೆ." ಅಪ್ಪನ ಹಿಂದೆ ಬದುವಿನ ಮೇಲೆ ನಡೆದ ಮಗಳು ಇವತ್ತು ಎದೆಯ ಚಿತ್ರವನ್ನು ಅದೇ ಶಿಸ್ತಿನಲ್ಲಿ, ಮೇಲಿನಿಂದ ಕೆಳಕ್ಕೆ, ಒಂದೊಂದೇ ಅಂಗದ ಹೆಸರನ್ನು ಬೆರಳು ಮಡಚಿ ಎಣಿಸುತ್ತ ನೋಡುತ್ತಾಳೆ. ಸಾವಿರ ಸಲ ಎಣಿಸಿದ್ದಾಳೆ, ಒಂದು ಬೆರಳೂ ಬಿಟ್ಟಿಲ್ಲ. ಆ ಅಪ್ಪನನ್ನು ನೆನೆದರೆ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ತಪ್ಪೇ ಮಾಡದವಳು ಎಂದೇನೂ ಭಾವಿಸಬೇಡಿ. ಅವಳ ಕೋಣೆಯ ಗೋಡೆಗೆ ಒಂದು ಹಳೆಯ ಎಕ್ಸ್‌ರೇ ತೂಗುಹಾಕಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅದರ ಎಡಮೇಲ್ಭಾಗದಲ್ಲಿ ಕಂಡ ಒಂದು ಉದ್ದನೆಯ ನೆರಳನ್ನು ಶ್ವಾಸಕೋಶದ ಕಾಯಿಲೆಯೆಂದು ಬರೆದು ಒಬ್ಬ ಹೆಂಗಸನ್ನು ಮೈಸೂರಿಗೆ ಅಟ್ಟಿದ್ದಳು. ಆ ಹೆಂಗಸು ಎರಡು ದಿನ ಊಟ ಬಿಟ್ಟು ಅತ್ತ ಮೇಲೆ ತಿಳಿದದ್ದೇನೆಂದರೆ, ಆ ನೆರಳು ಭುಜದ ಮೇಲಿಂದ ಇಳಿಬಿದ್ದ ಆಕೆಯ ಜಡೆ! ಅಂದಿನಿಂದ ಆ ಕೇಂದ್ರದಲ್ಲಿ ಎಕ್ಸ್‌ರೇಗೆ ನಿಲ್ಲುವ ಪ್ರತಿ ಹೆಣ್ಣೂ ಜಡೆಯನ್ನು ಎತ್ತಿ ಕಟ್ಟಬೇಕು. ಬಂದವರಿಗೆಲ್ಲ ಆ ಫಿಲ್ಮು ತೋರಿಸಿ, "ಇದು ನಾನು ಪತ್ತೆಹಚ್ಚಿದ ಮೊದಲನೇ ರೋಗ" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾಳೆ.

ಇನ್ನು ಒಂದು ಸೋಮವಾರದ ಮಾತು. ಮೂರು ವಾರದಿಂದ ಬಿಡದ ಕೆಮ್ಮನ್ನು ಹೊತ್ತುಕೊಂಡು ನಾನು ಮಂಡ್ಯಕ್ಕೆ ಹೋಗಿದ್ದೆ. ಹಳೆಯ ಮೇಷ್ಟ್ರೆಂಬ ಸಲುಗೆಯಿಂದ ಅವಳ ಕೋಣೆಯ ಮೂಲೆಯಲ್ಲೇ ಒಂದು ಕುರ್ಚಿ ಸಿಕ್ಕಿತ್ತು. ಹತ್ತೂವರೆಯ ಸುಮಾರಿಗೆ ಪುನೀತ ಬಂದು ಒಂದು ಕವರು, ಒಂದು ಚೀಟಿ ಇಟ್ಟ. "ದೀಪಿಕ, ಒಂಬತ್ತು ವರ್ಷ, ಕೆರಗೋಡು. ಹನ್ನೊಂದು ಗಂಟೆಗೆ ಸೂಜಿ ಪರೀಕ್ಷೆ ಮೇಡಂ. ಅರಿವಳಿಕೆ ಡಾಕ್ಟರು ಹೊರಟಿದ್ದಾರಂತೆ, ಟ್ರೇ ರೆಡಿ ಮಾಡ್ಲಾ?" ಸ್ಕ್ಯಾನಿನಲ್ಲಿ ನೋಡುತ್ತ ನೋಡುತ್ತ ಎದೆಯೊಳಗಿನ ಗಂಟಿಗೆ ಸೂಜಿ ಚುಚ್ಚಿ ಚೂರು ತೆಗೆಯುವುದೂ ಅವಳ ಕೆಲಸವೇ. "ಮಾಡು" ಎಂದು ಚೀಟಿಯ ಮೇಲೆ ಡಬ್ಬಿ ಇಟ್ಟು, ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು.

ಒಂದು ಬೆರಳು ಮಡಚಿದಳು: ಉಸಿರಿನ ಕೊಳವೆ. ಎರಡನೆಯದನ್ನು ಮಡಚಲು ಹೋಗಿ ಹಾಗೇ ನಿಂತಳು. "ತಡೀರಿ, ತಡೀರಿ." ನಾನು ಕೆಮ್ಮು ನುಂಗಿಕೊಂಡೆ.

ಅವಳು ಆಮೇಲೆ ನನಗೆ ತಿಳಿಸಿ ಹೇಳಿದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೃದಯದಿಂದ ಮೇಲೆದ್ದ ಮಹಾಧಮನಿ ಕೊಡೆಯ ಹಿಡಿಯಂತೆ ಎಡಕ್ಕೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗು ಎಕ್ಸ್‌ರೇಯ ಎಡಗಡೆ ಒಂದು ಸಣ್ಣ ಉಬ್ಬಾಗಿ ಕಾಣುತ್ತದೆ. ಅವಳು ಅದನ್ನು ಗೆಣ್ಣು ಎನ್ನುತ್ತಾಳೆ, ಕಬ್ಬಿನ ಸೀಮೆಯವಳಲ್ಲವೇ. ದೀಪಿಕಳ ಚಿತ್ರದಲ್ಲಿ ಎಡಗಡೆ ಗೆಣ್ಣೇ ಇರಲಿಲ್ಲ. ಬಲಗಡೆ, ಇರಬಾರದ ಜಾಗದಲ್ಲಿ, ಒಂದು ಉಬ್ಬು ಇತ್ತು. ಫಿಲ್ಮು ತಿರುಗುಮುರುಗಾಗಿದೆಯೇ ಎಂದು ನೋಡಿದಳು: ಹೃದಯದ ತುದಿ ಎಡಕ್ಕೇ ಇತ್ತು, ಜಠರದ ಗಾಳಿಗುಳ್ಳೆಯೂ ಎಡಕ್ಕೇ ಇತ್ತು. ಚಿತ್ರ ಸರಿಯಾಗಿಯೇ ಇತ್ತು.

"ಪುನೀತಾ, ಟ್ರೇ ಮುಟ್ಬೇಡ" ಎಂದವಳೇ ಭುಜ ಮುಂದೆ ಮಾಡಿ ಹೊರಗೆ ನುಗ್ಗಿದಳು. ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲೆ ಸಣಕಲು ಹುಡುಗಿ, ಒಂದು ಕಡೆ ತಾಯಿ ರಂಜಿತ, ಇನ್ನೊಂದು ಕಡೆ ಅಜ್ಜಿ ಅಂಕಮ್ಮ. ಅರುಂಧತಿ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಉಸಿರಿಗೆ ಕಿವಿಗೊಟ್ಟಳು. ಸುಯ್ಯೆಂಬ ಆ ಸದ್ದು ನನ್ನ ಮೂಲೆಗೂ ಕೇಳಿಸುತ್ತಿತ್ತು.

"ಏನು ಊಟ ಮಾಡ್ತೀಯ ಪುಟ್ಟಿ?"

ಹುಡುಗಿ ಬಾಯಿ ತೆರೆಯುವ ಮೊದಲೇ ಅಜ್ಜಿ ಶುರುಮಾಡಿದರು: "ಅನ್ನ ಕಣವ್ವ, ಬರೀ ಅನ್ನ. ಮುದ್ದೆ ಮುಟ್ಟಾಕಿಲ್ಲ. ತುತ್ತು ಕೊಟ್ರೆ ಅಗೀತದೆ! ಮುದ್ದೆನ ಯಾರಾರ ಅಗೀತಾರಾ? ಅಗ್ದು ಅಗ್ದು, ನೀರು ಕುಡ್ದು, ಗಂಟ್ಲಲ್ಲಿ ಸಿಕ್ಕಾಕತು ಅಂತ ಕಣ್ಣು ಬುಡ್ತದೆ. ಎಲ್ಲಾ ಇಸ್ಕೂಲು ಸೋಕಿ."

"ಯಾವಾಗಿಂದ ಅಜ್ಜಿ?"

"ಉಣ್ಣಾದು ಕಲ್ತಾಗಿಂದ್ಲೂ ಇದೇ ಗೋಳು."

"ಡಾಕ್ಟ್ರಿಗೆ ಇದನ್ನ ಹೇಳಿದ್ರಾ?"

"ಅಯ್ಯೋ ನಿನ್ನ! ಮುದ್ದೆ ಉಣ್ಣಾಕಿಲ್ಲ ಅಂತ ಯಾರಾರ ಡಾಕ್ಟ್ರಿಗೆ ಏಳ್ತಾರಾ? ಕೆಮ್ಮು ಅಂದೋ, ಗೊರಗೊರ ಅಂತದೆ ಅಂದೋ."

ಮಂಡ್ಯ ಸೀಮೆಯ ಮನೆಗಳಲ್ಲಿ ಮುದ್ದೆಯನ್ನು ಅಗಿಯುವುದು ಹಟವೇ ಹೊರತು ರೋಗವಲ್ಲ. ಅನ್ನ ಉಣ್ಣುವ ಊರಿನಲ್ಲಿ ಹುಟ್ಟಿದ್ದರೆ ಆ ಹುಡುಗಿಯ ಕಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೋ ಏನೋ. ಇಲ್ಲಿ ದಿನಕ್ಕೆ ಎರಡು ಸಲ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು, ಯಾರೂ ಅದನ್ನು ಕಷ್ಟವೆಂದುಕೊಂಡಿರಲಿಲ್ಲ.

ಒಳಗೆ ಬಂದು, ಎಡಗಡೆ ಗೆಣ್ಣು ಕಾಣದು, ಬಲಗಡೆಯದು ರಕ್ತನಾಳವಿರಬಹುದು ಎಂದು ಬರೆದು, ಆಮೇಲೆ ಡಬ್ಬಿ ಎತ್ತಿ ಚೀಟಿ ಓದಿದಳು: ಬಲಗಡೆ ಎದೆಯಲ್ಲಿ ಗಂಟು, ಕ್ಷಯದ ಶಂಕೆ, ಎರಡು ತಿಂಗಳ ಮಾತ್ರೆಗೂ ಕರಗಿಲ್ಲ, ಸೂಜಿಯಿಂದ ಚೂರು ತೆಗೆಯುವುದು. ರಕ್ತನಾಳಗಳನ್ನು ಎತ್ತಿ ತೋರಿಸುವ ಬಣ್ಣದ ಔಷಧ ಹಾಕದೆ ತೆಗೆದ ಸ್ಕ್ಯಾನಿನಲ್ಲಿ ಗಂಟೂ ಒಂದೇ ಬೂದಿ, ರಕ್ತನಾಳವೂ ಒಂದೇ ಬೂದಿ. ಹನ್ನೊಂದಕ್ಕೆ ಆ ಬೂದಿಗೆ ಗುರಿಯಿಟ್ಟು ಸೂಜಿ ಇಳಿಸಬೇಕಾಗಿದ್ದವಳು ತಾನೇ. ಗಂಟೆ ಹತ್ತೂ ಮುಕ್ಕಾಲಾಗಿತ್ತು.

ಚೀಟಿ ಬರೆದ ಹಿರಿಯ ವೈದ್ಯರಿಗೆ ಫೋನು ಹೋಯಿತು. ಅವರ ದನಿ ಕೋಣೆಯೆಲ್ಲ ಕೇಳುವಷ್ಟಿತ್ತು. "ಇಪ್ಪತ್ತೈದು ವರ್ಷದಿಂದ ಇಂಥ ಗಂಟು ನೋಡಿದ್ದೀನಮ್ಮ. ಪಾಪ, ಹಳ್ಳಿಯವರು, ಎರಡೆರಡು ಸಲ ಯಾಕೆ ಅಲೆಸ್ತೀಯ? ಇವತ್ತೇ ಮುಗಿಸಿಬಿಡು."

"ಒಂದು ಸಲ ಬಣ್ಣದ ಔಷಧ ಹಾಕಿ ನೋಡ್ತೀನಿ ಸಾರ್. ಗಂಟೇ ಆಗಿದ್ರೆ ಇವತ್ತೇ ನಾನೇ ಚುಚ್ತೀನಿ."

"ಗಂಟಲ್ಲದೆ ಇನ್ನೇನಮ್ಮ ಇರುತ್ತೆ?"

"ಮಹಾಧಮನಿ ಸಾರ್. ಅದಕ್ಕೆ ಚುಚ್ಚಿದ್ರೆ ಮಗು ಮೇಜಿನ ಮೇಲಿಂದ ಏಳಲ್ಲ."

ಆ ಕಡೆಯಿಂದ "ನೋಡು" ಎಂಬ ಒಂದೇ ಮಾತು.

ತಾಯಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆದದ್ದಾಯಿತು. ಹುಡುಗಿಗೆ ಉಸಿರು ಹಿಡಿಯುವುದನ್ನು ಹೇಳಿಕೊಟ್ಟದ್ದಾಯಿತು. ತಾನೂ ಕೆನ್ನೆಯುಬ್ಬಿಸಿ ಕಣ್ಣು ಮೇಲೆ ಮಾಡಿ ಉಸಿರು ಬಿಗಿಹಿಡಿದು, ಆ ಮಗು ನಗುವ ತನಕ ಬಿಡಲಿಲ್ಲ. ಬಣ್ಣದ ಔಷಧ ನರಕ್ಕೆ ಹೋಯಿತು, ಮೇಜು ಯಂತ್ರದೊಳಗೆ ಸರಿಯಿತು. ಗಾಜಿನ ಈಚೆ ಪರದೆಯ ಮುಂದೆ ಅರುಂಧತಿ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿ ನಿಂತಿದ್ದಳು, ಪಕ್ಕದಲ್ಲಿ ಪುನೀತ, ಬಾಗಿಲಲ್ಲಿ ನಾನು.

ಪರದೆ ಬೆಳಗಿತು. ಹೃದಯ ಬಿಳುಪಾಯಿತು, ಮಹಾಧಮನಿ ಬಿಳುಪಾಗಿ ಮೇಲೇರಿತು. ಏರಿ ಎರಡಾಯಿತು. ಒಂದು ಕವಲು ಬಲಕ್ಕೆ, ದಪ್ಪನೆಯದು. ಇನ್ನೊಂದು ಎಡಕ್ಕೆ, ಸೊರಗಿದ್ದು. ಉಸಿರಿನ ಕೊಳವೆಯನ್ನೂ ಅನ್ನದ ಕೊಳವೆಯನ್ನೂ ನಡುವೆ ಅಮುಕಿಕೊಂಡು ಎರಡೂ ಬೆನ್ನಿನ ಕಡೆ ಹೋಗಿ ಮತ್ತೆ ಒಂದಾಗಿದ್ದವು. ಗಂಟು ಎಂದು ತಿಳಿದಿದ್ದದ್ದು ಆ ಬಲಗಡೆಯ ಕವಲು.

"ಅಯ್ಯಯ್ಯಪ್ಪಾ! ನೋಡ್ಲಾ ಪುನೀತಾ, ಎಲ್ಡೈತೆ! ಎಲ್ಡೂ ಐತೆ ಕಣ್ಲಾ! ಸುತ್ತಾಕ್ಕಂಡು ಕೂತದೆ!" ಅರುಂಧತಿ ಕೈ ತಟ್ಟಿದಳು, ಕುಣಿದಳು ಎಂದರೂ ತಪ್ಪಿಲ್ಲ. ಚಿತ್ರವನ್ನು ಆ ಕಡೆಯಿಂದ ತಿರುಗಿಸಿ ನೋಡಿದಳು, ಈ ಕಡೆಯಿಂದ ತಿರುಗಿಸಿ ನೋಡಿದಳು. ಪ್ರತಿ ಸಲವೂ "ಬಂತು ನೋಡು, ಬಂತು ನೋಡು" ಎಂದು ಕೂಗಿದಳು. "ಓದುವಾಗ ಪುಸ್ತಕದಲ್ಲಿ ನೋಡಿದ್ದೆ ಮೇಷ್ಟ್ರೇ, ಹದಿನಾಲ್ಕು ವರ್ಷದಲ್ಲಿ ಕಣ್ಣಾರೆ ಇದೇ ಮೊದಲು!" ಬಸಿರಿನಲ್ಲಿದ್ದಾಗ ಕೆಲವು ವಾರ ನಮಗೆಲ್ಲರಿಗೂ ಆ ಬಾಗು ಎರಡಿರುತ್ತವಂತೆ, ಒಂದು ತಾನಾಗಿ ಕರಗುತ್ತದಂತೆ. ಎಲ್ಲೋ ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಅದು ಕರಗದೆ ಉಳಿದು ಉಂಗುರವಾಗುತ್ತದಂತೆ. ಬಾಗಿಲಲ್ಲಿದ್ದ ನನಗೂ ಮೈ ಜುಮ್ಮೆಂದಿತು. ಏನು ಕಂಡೆನೆಂದು ಪೂರ್ತಿ ತಿಳಿಯದೆಯೇ ನಾನೂ ನಗುತ್ತಿದ್ದೆ.

ಅದೇ ಹುಮ್ಮಸ್ಸಿನಲ್ಲಿ ತಾಯಿಯನ್ನೂ ಅಜ್ಜಿಯನ್ನೂ ಒಳಕ್ಕೆ ಕರೆದಳು. ಕೈಯ ಎರಡು ಬೆರಳು ಜೋಡಿಸಿ, "ಒಂದು ಉಸಿರು ಹೋಗೋದು, ಒಂದು ಊಟ ಹೋಗೋದು. ಹುಟ್ಟುವಾಗಲೇ ಇದರ ಸುತ್ತ ರಕ್ತನಾಳದ ಒಂದು ಬಳೆ ಬಿದ್ದಿದೆ. ಮಗು ಬೆಳೀತು, ಬಳೆ ಬಿಗಿಯಾಯ್ತು" ಎಂದು, ಇನ್ನೊಂದು ಕೈಯಿಂದ ಆ ಬೆರಳುಗಳನ್ನು ಹಿಸುಕಿ ತೋರಿಸಿದಳು. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ.

ಅಂಕಮ್ಮ ಆ ನಗುವನ್ನೇ ನೋಡುತ್ತಿದ್ದರು. "ಏನವ್ವಾ ನೀನು! ನಮ್ ಮಗೀನ ಎದೆಲಿ ಉರ್ಲು ಬಿದ್ದದೆ ಅಂತೀಯ, ಅಲ್ಲು ಕಿರೀತೀಯ. ಆಚೆ ಕುಂತಿದ್ರೂ ನೀನು ಚಪ್ಪಾಳೆ ಒಡ್ದಿದ್ದು ಕೇಳುಸ್ತು. ನಿನ್ ಒಟ್ಟೆಲಿ ಉಟ್ಟಿದ್ರೆ ಕುಣೀತಿದ್ದ್ಯ?"

ಅರುಂಧತಿಯ ಮುಖ ಕಪ್ಪಿಟ್ಟಿತು. ನಾನೂ ತಲೆ ತಗ್ಗಿಸಿದೆ. ಅವಳು ಸ್ಟೂಲನ್ನು ಎಳೆದುಕೊಂಡು ಅಜ್ಜಿಗಿಂತ ತಗ್ಗಾಗಿ ಕೂತಳು.

"ನಿಮ್ ಮಾತು ಸರಿ ಕಣಜ್ಜಿ. ನಗಬಾರದಿತ್ತು, ತಪ್ಪಾಯ್ತು. ಆದ್ರೆ ಒಂದ್ ಮಾತು ಏಳ್ತೀನಿ ಕೇಳಿ. ಇದನ್ನ ಗಂಟು ಅಂದ್ಕಂಡು ಸೂಜಿ ಆಕಿದ್ರೆ ಇಷ್ಟೊತ್ಗೆ ನಾವೆಲ್ಲ ಅಳ್ತಿದ್ವಿ. ಈಗ ಏನು ಅಂತ ಗೊತ್ತಾಯ್ತು. ಗೊತ್ತಾದ್ದುನ್ನ ಬುಡಿಸ್ಬೋದು. ಆ ಸಣ್ಣ ಕವಲನ್ನ ಆಪರೇಸನ್ ಮಾಡಿ ಕತ್ತರಿಸ್ತಾರೆ, ಬಳೆ ತೆರ್ಕತದೆ. ನಿಮ್ಮ ಮಗು ಬದುಕ್ತದೆ ಅಜ್ಜಿ. ಅದಕ್ಕೇ ನಂಗೆ ತಡ್ಕಳಕ್ಕಾಗ್ಲಿಲ್ಲ."

ಅಜ್ಜಿ ಕೇಳಿದ್ದು ಆಪರೇಷನ್ನಿನ ಮಾತಲ್ಲ. "ಅಂಗಾರೆ... ಗಂಟ್ಲಲ್ಲಿ ಸಿಕ್ಕತದೆ ಅಂತಿದ್ದುದ್ದು ನಿಜವಾ? ನಾಟ್ಕ ಆಡ್ತಿರ್ನಿಲ್ವ?"

"ಇಲ್ಲ ಕಣಜ್ಜಿ. ನಿಜವಾಗ್ಲೂ ಸಿಕ್ಕತಿತ್ತು."

"ಒಡ್ದಿದ್ದೀನಿ ಕಣವ್ವ" ಎಂದರು ಅಂಕಮ್ಮ, ತಮ್ಮ ಬಲಗೈಯನ್ನು ಯಾರದ್ದೋ ಕೈಯೆಂಬಂತೆ ನೋಡುತ್ತ. "ಬಾಯಿಗೆ ತುರ್ಕಿ ತುರ್ಕಿ ಒಡ್ದಿದ್ದೀನಿ." ಸೆರಗು ಬಾಯಿಗೆ ಒತ್ತಿಕೊಂಡರು. ರಂಜಿತ ಅತ್ತೆಯ ಬೆನ್ನಿನ ಮೇಲೆ ಕೈ ಇಟ್ಟಳು. ಆ ಕೋಣೆಯಲ್ಲಿ ಒಣಗಿದ ಕಣ್ಣಿದ್ದದ್ದು ಯಂತ್ರಕ್ಕೆ ಮಾತ್ರ.

ಸಂಜೆ ಆ ಹಿರಿಯ ವೈದ್ಯರು ತಾವೇ ಬಂದರಂತೆ. ಪರದೆಯ ಮುಂದೆ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಇಪ್ಪತ್ತೈದು ವರ್ಷ ಅಂದೆನಲ್ಲಮ್ಮ" ಎಂದಷ್ಟೇ ಹೇಳಿ, ಅರುಂಧತಿ ತರಿಸಿದ ಟೀಯನ್ನು ಕುಡಿಯಲಾರದೆ ಎದ್ದು ಹೋದರು. ಒಳ್ಳೆಯ ಮನುಷ್ಯರು. ಬಡವರನ್ನು ಅಲೆಸಬಾರದೆಂಬ ಅವರ ಕರುಣೆಯೇ ಅವತ್ತು ಸೂಜಿಯಾಗಿ ಇಳಿಯುವುದರಲ್ಲಿತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನನ್ನ ತಂಗಿಯ ಮಗನ ಮನೆ ಕೆರಗೋಡಿನಲ್ಲೇ ಇರುವುದರಿಂದ ಆರು ತಿಂಗಳ ಮೇಲೆ ಹುಡುಗಿಯನ್ನು ನೋಡಿಕೊಂಡು ಬಂದೆ. ಉಸಿರಿನ ಸುಯ್ಯೆಂಬ ಸದ್ದು ಇನ್ನೂ ಎಳ್ಳಷ್ಟು ಉಳಿದಿತ್ತು, ಕ್ರಮೇಣ ಹೋಗುತ್ತದಂತೆ. ಕುಂಟೆಬಿಲ್ಲೆ ಆಡುತ್ತಿದ್ದಳು. ಈಗ ಮುದ್ದೆ ಸಲೀಸಾಗಿ ಇಳಿಯುತ್ತದೆ, ಆದರೆ ಮುಟ್ಟುವುದಿಲ್ಲ; "ರುಚಿನೇ ಇಲ್ಲ" ಎನ್ನುತ್ತಾಳೆ. ಅಂಕಮ್ಮ ಬಾಯಿ ತುಂಬ ಬೈಯುತ್ತ ಅನ್ನ ಬಡಿಸುತ್ತಾರೆ. ಗೋಡೆಯ ಮೇಲೆ ಬೆಂಗಳೂರಿನ ಸರ್ಜನ್ ಪಕ್ಕದಲ್ಲಿ ದೀಪಿಕ ನಿಂತಿರುವ ಫೋಟೊ, ಅದರ ಚೌಕಟ್ಟಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಗುಲಾಬಿ. ಮಂಡ್ಯದಲ್ಲಿ ಕಂಡುಹಿಡಿದವರು ಯಾರೆಂದು ಬೇಕೆಂದೇ ಕೇಳಿದೆ. ರಂಜಿತ ನೆನಪಿಸಿಕೊಳ್ಳಲು ನೋಡಿ, "ಸ್ವೆಟರ್ ಆಕ್ಕಂಡಿದ್ರು, ಎಸ್ರು ಮರ್ತೋಯ್ತು ಸಾ" ಎಂದಳು.

ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಹೊತ್ತುಕೊಂಡೇ ಮಂಡ್ಯಕ್ಕೆ ಹೋಗಿ ಅರುಂಧತಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಆಪರೇಷನ್ ಆದ್ಮೇಲಿನ ಸ್ಕ್ಯಾನು ಅವರ ಮನೇಲಿದೆಯಾ ಮೇಷ್ಟ್ರೇ? ಈಸಿಕೊಂಡು ಬರಬಾರದಿತ್ತಾ? ಕವಲು ಎಲ್ಲಿ ಕತ್ತರಿಸಿದ್ದಾರೆ ನೋಡಬೇಕಿತ್ತು!" ಎಂದು ಕಣ್ಣರಳಿಸಿದಳು.

ಸಿಟ್ಟು ಇಳಿದ ಮೇಲೆ ನನಗೆ ಹೊಳೆದದ್ದಿಷ್ಟು. ಲೋಕ ನಡೆದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕತ್ತರಿಸಿ ಹೊಲಿದವರಿಗೆ ಗಾಯದ ಗುರುತು ಸಾಕ್ಷಿ. ಔಷಧ ಕೊಟ್ಟವರಿಗೆ 'ಅವರ ಕೈಗುಣ' ಎಂಬ ಮಾತಿದೆ. ಆದರೆ ನಡೆಯದೆ ಹೋದದ್ದಕ್ಕೆ ಯಾವ ಗುರುತು, ಯಾರ ಸಾಕ್ಷಿ? ಕತ್ತಲೆಯ ಕೋಣೆಯಲ್ಲಿ ಕೂತು ಅನ್ಯರ ಎದೆಯನ್ನು ನೋಡುವ ಈ ಬಗೆಯ ಜನ ಬದುಕಿನಲ್ಲಿ ಮಾಡುವ ದೊಡ್ಡ ಕೆಲಸವೆಲ್ಲ ಏನೋ ಒಂದು ಆಗದಂತೆ ನೋಡಿಕೊಂಡದ್ದೇ ಆಗಿರುತ್ತದೆ; ಉಳಿದವರಿಗೆ ಅದು ಮಾಮೂಲಿನ ಇನ್ನೊಂದು ದಿನದಂತೆ ಕಂಡು ಮರೆತುಹೋಗುತ್ತದೆ. ಅವರು ಚಪ್ಪಾಳೆ ತಟ್ಟಿ ಕುಣಿದರೆ ಕುಣಿಯಲಿ ಬಿಡಿ. ಅವರಿಗೆ ಸಿಗುವ ಚಪ್ಪಾಳೆ ಅದೊಂದೇ.

ದೀಪಿಕ ಈಗ ಐದನೆಯ ತರಗತಿ. ಆ ಸೋಮವಾರ ಹನ್ನೊಂದು ಗಂಟೆಗೆ ತಾನು ಸಾಯಬೇಕಿತ್ತು ಎಂಬುದು ಅವಳಿಗೆ ಗೊತ್ತಿಲ್ಲ.